ಹೆಬ್ಬೆರಳಿನ ಬೆಲೆ

ರೈಲು ಅಪಘಾತದಲ್ಲಿ ಪ್ರಯಾಣಿಕರೊಬ್ಬರು ಹೆಬ್ಬೆರಳು ಕಳೆದುಕೊಂಡರೆ ಸಿಗುವ ಪರಿಹಾರ 2,40,000 ರೂಪಾಯಿ. ಅವರು ಎ.ಸಿ. ಬೋಗಿಯಲ್ಲಿ ಮಲಗಿದ್ದರೂ ಅಷ್ಟೇ, ಜನರಲ್ ಬೋಗಿಯಲ್ಲಿ ಒಂಟಿಕಾಲಲ್ಲಿ ನಿಂತಿದ್ದರೂ ಅಷ್ಟೇ. ಅದೇ ಹೆಬ್ಬೆರಳು ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಹೋದರೆ ಲೆಕ್ಕ ಬೇರೆ. ಕಾರ್ಮಿಕರ ಪರಿಹಾರದ ಕಾನೂನಿನ ಪಟ್ಟಿಯಲ್ಲಿ ಹೆಬ್ಬೆರಳೆಂದರೆ ದುಡಿಯುವ ಶಕ್ತಿಯ ಶೇ 30. ತಿಂಗಳಿಗೆ 15,000 ರೂಪಾಯಿ ಕೂಲಿಯ 30 ವರ್ಷದ ಕಾರ್ಮಿಕನಿಗೆ ಅದು ಸುಮಾರು 5,61,500 ರೂಪಾಯಿ ಆಗುತ್ತದೆ. ಇನ್ನು ರಸ್ತೆಯಲ್ಲಿ ಲಾರಿ ಗುದ್ದಿ ಬೆರಳು ಹೋಯಿತೆನ್ನಿ. ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಅದರ ಬೆಲೆ ಯಾವ ಪಟ್ಟಿಯಲ್ಲೂ ಬರೆದಿಟ್ಟಿಲ್ಲ. ಆ ಬೆರಳು ಯಾರದು, ಆ ಕೈ ಯಾವ ಕೆಲಸ ಮಾಡುತ್ತಿತ್ತು, ಎಷ್ಟು ಸಂಪಾದಿಸುತ್ತಿತ್ತು, ಅದಕ್ಕೆ ದಾಖಲೆ ಏನಿದೆ ಎಂದು ಒಂದೊಂದಾಗಿ ಕೇಳಿದ ಮೇಲೆಯೇ ಮೊತ್ತ ನಿಲ್ಲುತ್ತದೆ.

ಒಂದೇ ದೇಶದಲ್ಲಿ ಒಂದೇ ಬೆರಳಿಗೆ ಹೀಗೆ ಮೂರು ಲೆಕ್ಕ ಇರುವುದಕ್ಕೆ ಚರಿತ್ರೆಯ ಕಾರಣಗಳಿವೆ. ದೇಹಕ್ಕಾದ ಗಾಯವನ್ನು ಹಣದ ಲೆಕ್ಕಕ್ಕೆ ತರಲು ಎಲ್ಲ ಕಾಲದಲ್ಲೂ ಎರಡು ದಾರಿಗಳು ಇದ್ದವು. ಒಂದು ಪಟ್ಟಿ, ಇನ್ನೊಂದು ವಿಚಾರಣೆ. ಪಟ್ಟಿ ಬೇಗ ಹೇಳುತ್ತದೆ, ಎಲ್ಲರಿಗೂ ಒಂದೇ ಹೇಳುತ್ತದೆ. ಆದರೆ ಎದುರಿಗೆ ನಿಂತವರ ಮುಖ ನೋಡುವುದಿಲ್ಲ. ವಿಚಾರಣೆ ಮುಖ ನೋಡುತ್ತದೆ, ಜೊತೆಗೆ ಜೇಬನ್ನೂ ನೋಡುತ್ತದೆ. ಭಾರತದ ಪರಿಹಾರ ಕಾನೂನಿನ 170 ವರ್ಷಗಳ ಕಥೆಯೆಂದರೆ ಈ ಎರಡರ ನಡುವಿನ ಹಗ್ಗಜಗ್ಗಾಟ.

ಎದ್ದು ನಿಲ್ಲುವ ಖರ್ಚು

ಹಳೆಯ ಧರ್ಮಶಾಸ್ತ್ರಗಳಲ್ಲಿ ಒಂದು ಪದವಿದೆ: ಸಮುತ್ಥಾನ ವ್ಯಯ. ಸಮುತ್ಥಾನ ಎಂದರೆ ಮೇಲಕ್ಕೇಳುವುದು. ಒಬ್ಬನಿಗೆ ಗಾಯ ಮಾಡಿದವನು ಅವನು ಮತ್ತೆ ಎದ್ದು ನಿಲ್ಲುವವರೆಗಿನ ಖರ್ಚನ್ನು ಕೊಡಬೇಕು ಎಂಬ ಮಾತು ಮನುಸ್ಮೃತಿಯಲ್ಲೂ ಇದೆ, ಯಾಜ್ಞವಲ್ಕ್ಯ ಸ್ಮೃತಿಯಲ್ಲೂ ಇದೆ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನಗಳಲ್ಲಿ ಅತ್ಯಂತ ಪ್ರಸಿದ್ಧವಾದ ಮಿತಾಕ್ಷರ ಹುಟ್ಟಿದ್ದು ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಬರೆದವನು ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದ ವಿಜ್ಞಾನೇಶ್ವರ. ಆಸ್ತಿ ಹಂಚಿಕೆಯ ವಿಷಯದಲ್ಲಿ ಬ್ರಿಟಿಷರ ಕೋರ್ಟುಗಳೂ ಅದನ್ನು ಪ್ರಮಾಣವೆಂದು ಒಪ್ಪಿಕೊಂಡವು.

ಪದ ಚೆಂದವಾಗಿದೆ. ಆದರೆ ಅದರ ಅಕ್ಕಪಕ್ಕದ ಶ್ಲೋಕಗಳನ್ನು ಮರೆಯುವಂತಿಲ್ಲ. ಅದೇ ಗ್ರಂಥಗಳು ಹೊಡೆತಕ್ಕೆ ಶಿಕ್ಷೆ ಹೇಳುವಾಗ ಹೊಡೆದವನ ಜಾತಿ ಯಾವುದು, ಹೊಡೆಸಿಕೊಂಡವನ ಜಾತಿ ಯಾವುದು ಎಂದು ನೋಡುತ್ತವೆ. ಕೆಳಗಿನವನು ಮೇಲಿನವನ ಮೇಲೆ ಕೈ ಎತ್ತಿದರೆ ಆ ಕೈಯನ್ನೇ ಕತ್ತರಿಸಬೇಕೆನ್ನುವ ವಿಧಿಯೂ ಅಲ್ಲೇ ಇದೆ. ಎಂದರೆ ಗಾಯದ ಲೆಕ್ಕ ಹಾಕುವಾಗ ಎರಡು ಪ್ರಶ್ನೆಗಳು ಆಗಲೇ ಒಟ್ಟಿಗೆ ಇದ್ದವು. ಈ ಮನುಷ್ಯ ಮತ್ತೆ ಎದ್ದು ನಿಲ್ಲಲು ಎಷ್ಟು ಬೇಕು ಎಂಬುದು ಒಂದು. ಈ ಮನುಷ್ಯನ ಸ್ಥಾನ ಏನು ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಇಂದಿನವರೆಗೂ ನಡೆದು ಬಂದಿದೆ.

ಸತ್ತವರಿಗೆ ಬೆಲೆಯಿಲ್ಲದ ಕಾಲ

ಈಗಿನ ನಮ್ಮ ಕಾನೂನು ಮಾತ್ರ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿನ ಹಳೆಯ ನಿಯಮ ವಿಚಿತ್ರವಾಗಿತ್ತು. ಗಾಯಗೊಂಡವನು ಬದುಕಿದ್ದರೆ ದಾವೆ ಹೂಡಬಹುದು, ಸತ್ತರೆ ದಾವೆಯೂ ಅವನೊಂದಿಗೇ ಸಾಯುತ್ತದೆ. 1808ರಲ್ಲಿ ಒಂದು ಕುದುರೆ ಬಂಡಿ ಮಗುಚಿ ಗಂಡ ಹೆಂಡತಿ ಇಬ್ಬರಿಗೂ ಪೆಟ್ಟಾಯಿತು. ಸುಮಾರು ಒಂದು ತಿಂಗಳ ನಂತರ ಹೆಂಡತಿ ತೀರಿಕೊಂಡಳು. ಗಂಡನ ಮೊಕದ್ದಮೆಯಲ್ಲಿ ನ್ಯಾಯಾಧೀಶ ಲಾರ್ಡ್ ಎಲೆನ್‌ಬರೋ ಹೇಳಿದ್ದಿಷ್ಟು: ಗಂಡನ ಸ್ವಂತ ಪೆಟ್ಟಿಗೆ, ಮತ್ತು ಅವಳು ಸಾಯುವ ಕ್ಷಣದವರೆಗೆ ಅವನು ಅನುಭವಿಸಿದ ನಷ್ಟಕ್ಕೆ ಮಾತ್ರ ಪರಿಹಾರ ಉಂಟು. ಸಾವಿನಿಂದಾದ ನಷ್ಟಕ್ಕೆ ಸಿವಿಲ್ ಕೋರ್ಟಿನಲ್ಲಿ ಪರಿಹಾರವಿಲ್ಲ. ಜ್ಯೂರಿ ಅವನಿಗೆ ಕೊಡಿಸಿದ್ದು 100 ಪೌಂಡ್.

ಈ ನಿಯಮದ ಅರ್ಥ, ಕಾಲು ಮುರಿಯುವುದಕ್ಕಿಂತ ಕೊಂದುಬಿಡುವುದೇ ಅಗ್ಗ. ಕುದುರೆ ಬಂಡಿಗಳ ಕಾಲದಲ್ಲಿ ಇದು ಹೇಗೋ ನಡೆಯಿತು. ರೈಲು ಬಂದು ಒಂದೊಂದು ಅಪಘಾತಕ್ಕೆ ಹತ್ತಾರು ಜನ ಸಾಯತೊಡಗಿದಾಗ ನಡೆಯಲಿಲ್ಲ. 1846ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸತ್ತವರ ಕುಟುಂಬಕ್ಕೆ ಪರಿಹಾರ ಕೇಳುವ ಹಕ್ಕು ಕೊಟ್ಟಿತು. ಭಾರತದ ಮೊದಲ ಪ್ರಯಾಣಿಕರ ರೈಲು ಮುಂಬಯಿಯ ಬೋರಿ ಬಂದರಿನಿಂದ ಠಾಣೆಗೆ ಓಡಿದ್ದು 1853ರ ಏಪ್ರಿಲ್ 16ರಂದು. ಎರಡೇ ವರ್ಷದಲ್ಲಿ, 1855ರಲ್ಲಿ, ಅಂಥದೇ ಕಾಯ್ದೆ ಇಲ್ಲಿಗೂ ಬಂತು. ಹೆಂಡತಿ, ಗಂಡ, ತಂದೆತಾಯಿ, ಮಕ್ಕಳು ಕೇಳಬಹುದು ಎಂದು ಅದು ಹೇಳಿತು. ಎಷ್ಟು ಎಂದು ಹೇಳಲಿಲ್ಲ. ಸಾವಿನಿಂದ ಅವರಿಗಾದ ನಷ್ಟಕ್ಕೆ ತಕ್ಕಷ್ಟು ಎಂದಷ್ಟೇ ಹೇಳಿ ಉಳಿದದ್ದನ್ನು ಕೋರ್ಟಿಗೆ ಬಿಟ್ಟಿತು.

ಇಲ್ಲೊಂದು ಸಣ್ಣ ಮಾತು ದೊಡ್ಡ ಪರಿಣಾಮ ಮಾಡಿತು. ಕೋರ್ಟುಗಳು ಅಳೆದದ್ದು ಕುಟುಂಬಕ್ಕಾದ ಹಣದ ನಷ್ಟವನ್ನು. ಸತ್ತವರು ಬದುಕಿದ್ದರೆ ಮನೆಗೆ ಎಷ್ಟು ತರುತ್ತಿದ್ದರು ಎಂಬುದೇ ಅಳತೆಗೋಲಾಯಿತು. ದುಃಖಕ್ಕೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಇಂಚಿನ ಪಟ್ಟಿ

ಕಾರ್ಮಿಕರ ವಿಷಯಕ್ಕೆ ಬಂದಾಗ ಸರ್ಕಾರ ಇನ್ನೊಂದು ದಾರಿ ಹಿಡಿಯಿತು. ಗಿರಣಿ, ಗಣಿ, ರೈಲ್ವೆ ವರ್ಕ್‌ಶಾಪುಗಳಲ್ಲಿ ಕೈಕಾಲು ಕಳೆದುಕೊಂಡವರು ಮಾಲೀಕನ ತಪ್ಪನ್ನು ಸಾಬೀತು ಮಾಡುತ್ತ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದು ಆಗದ ಮಾತು. ಹಾಗಾಗಿ 1923ರ ಕಾರ್ಮಿಕರ ಪರಿಹಾರ ಕಾಯ್ದೆ ತಪ್ಪು ಯಾರದು ಎಂಬ ಪ್ರಶ್ನೆಯನ್ನು ಬಹುಮಟ್ಟಿಗೆ ಬದಿಗಿಟ್ಟಿತು. ಕೆಲಸದ ನಡುವೆ, ಕೆಲಸದಿಂದಾಗಿ ಪೆಟ್ಟಾಗಿದೆಯೇ? ಹಾಗಿದ್ದರೆ ಮೊತ್ತ ಪಟ್ಟಿಯಲ್ಲಿದೆ.

ಆ ಪಟ್ಟಿಯನ್ನು ಇವತ್ತು ಓದಿದರೂ ಮೈ ಝುಂ ಎನ್ನುತ್ತದೆ. ಎರಡೂ ಕೈ ಹೋದರೆ ಶೇ 100. ಭುಜದ ಕೀಲಿನಲ್ಲೇ ತೋಳು ಹೋದರೆ 90. ಒಂದು ಹಸ್ತಕ್ಕೆ 60. ಹೆಬ್ಬೆರಳಿಗೆ 30. ತೋರುಬೆರಳು ಪೂರ್ತಿ ಹೋದರೆ 14, ಮಧ್ಯದ ಬೆರಳಿಗೆ 12, ಉಂಗುರದ ಬೆರಳು ಅಥವಾ ಕಿರುಬೆರಳಿಗೆ 7. ತೋಳು ಕತ್ತರಿಸಿದ ಜಾಗ ಭುಜದ ತುದಿಯಿಂದ 20.32 ಸೆಂಟಿಮೀಟರಿಗಿಂತ ಹತ್ತಿರವಿದ್ದರೆ ಒಂದು ಲೆಕ್ಕ, ದೂರವಿದ್ದರೆ ಇನ್ನೊಂದು. ಈ 20.32 ಎಲ್ಲಿಂದ ಬಂತು? ಅದು 8 ಇಂಚು. ಬ್ರಿಟಿಷ್ ಇಂಚನ್ನು ಮೆಟ್ರಿಕ್‌ಗೆ ತಿರುಗಿಸಿದಾಗ ಉಳಿದುಕೊಂಡ ಪಳೆಯುಳಿಕೆ.

ಮೊತ್ತದ ಲೆಕ್ಕವೂ ಕಟ್ಟುನಿಟ್ಟು. ತಿಂಗಳ ಕೂಲಿಯ ಒಂದು ಪಾಲನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. 16 ವರ್ಷದೊಳಗಿನವರಿಗೆ ಆ ಅಂಕಿ 228.54, 65 ದಾಟಿದವರಿಗೆ 99.37. ಸಾವಾದರೆ ಕೂಲಿಯ ಅರ್ಧ ಹಿಡಿಯುತ್ತಾರೆ, ಪೂರ್ತಿ ಅಂಗವಿಕಲರಾದರೆ ಶೇ 60. ಬದುಕಿ ಉಳಿದವರಿಗೆ ತಮ್ಮ ಹೊಟ್ಟೆಯೂ ಇದೆಯಲ್ಲ. ಎರಡು ನೂರು ವರ್ಷ ಹಿಂದಿನ ಇಂಗ್ಲೆಂಡಿನಲ್ಲೂ ಸಾವಿಗಿಂತ ಗಾಯವೇ ದುಬಾರಿಯಾಗಿತ್ತು. ಆದರೆ ಅಲ್ಲಿ ಅದು ನಿಯಮದ ಕುರುಡುತನ, ಇಲ್ಲಿ ಲೆಕ್ಕ ಹಾಕಿ ಮಾಡಿದ ತೀರ್ಮಾನ.

ಪಟ್ಟಿಯ ಗುಣ ಅದರ ವೇಗ. ಅದರ ದೋಷ ಏನೆಂಬುದು ಒಬ್ಬ ಬಡಗಿಯ ಪ್ರಕರಣದಲ್ಲಿ ಕಾಣಿಸಿತು. 1968ರಲ್ಲಿ ಒಡಿಶಾದ ಜೇಪುರದ ಒಂದು ಸಿನಿಮಾ ಮಂದಿರದಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದಾಗ ಆತ ಬಿದ್ದು ಎಡಗೈಯನ್ನು ಕಳೆದುಕೊಂಡ. ಪಟ್ಟಿಯ ಪ್ರಕಾರ ಅದು ಶೇ 70ರ ನಷ್ಟ ಎಂದು ಮಾಲೀಕರ ವಾದ. ಒಂದೇ ಕೈಯಲ್ಲಿ ಮರ ಹಿಡಿದು ಉಳಿ ಹೊಡೆಯುವುದು ಹೇಗೆ? 1976ರಲ್ಲಿ ವರದಿಯಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಬಡಗಿ ಒಂದು ಕೈಯಲ್ಲಿ ಕೆಲಸ ಮಾಡಲಾರ, ಹಾಗಾಗಿ ಅವನ ನಷ್ಟ ಪೂರ್ತಿ ಶೇ 100 ಎಂದು ಒಪ್ಪಿತು. ಪಟ್ಟಿ ಕೈಯನ್ನು ಅಳೆದಿತ್ತು, ಕೋರ್ಟು ಕಸುಬನ್ನು ಅಳೆಯಿತು.

ಗುಣಿಸುವ ಸಂಖ್ಯೆ

ರಸ್ತೆಯ ಕಥೆ ಇನ್ನೂ ಉದ್ದ. ಮೋಟಾರು ವಾಹನ ಕಾಯ್ದೆ ಬಂದದ್ದು 1939ರಲ್ಲಿ. ವಾಹನಕ್ಕೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾದದ್ದು 1946ರಲ್ಲಿ. 1956ರ ತಿದ್ದುಪಡಿ ಅಪಘಾತದ ಪರಿಹಾರಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು. ಇಂದು ಜಿಲ್ಲಾ ಕೋರ್ಟಿನ ಆವರಣಗಳಲ್ಲಿ ಎಂಎಸಿಟಿ ಎಂದು ಕರೆಸಿಕೊಳ್ಳುವುದು ಅವೇ. ಅವುಗಳಿಗೆ ಕಾನೂನು ಕೊಟ್ಟ ಸೂಚನೆ ಒಂದೇ: ನ್ಯಾಯವೆಂದು ತೋರುವಷ್ಟು ಪರಿಹಾರ ಕೊಡಿ.

ನ್ಯಾಯ ಎಂಬುದು ಒಬ್ಬೊಬ್ಬ ನ್ಯಾಯಾಧೀಶರಿಗೆ ಒಂದೊಂದು ಥರ ತೋರುತ್ತದೆ. ಹಾಗಾಗಿ ಇಂಗ್ಲೆಂಡಿನ ಒಂದು ಲೆಕ್ಕ ಇಲ್ಲಿ ಬೇರುಬಿಟ್ಟಿತು. ವೇಲ್ಸಿನ ಕಲ್ಲಿದ್ದಲು ಕಂಪನಿಯೊಂದರ ವಿರುದ್ಧದ ಮೊಕದ್ದಮೆಯಲ್ಲಿ 1942ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ವಿವರಿಸಿತ್ತು: ವರ್ಷದ ನಷ್ಟ ಎಷ್ಟು ಎಂದು ನೋಡಿ, ಅದನ್ನು ಇಂತಿಷ್ಟು ವರ್ಷಗಳಿಂದ ಗುಣಿಸಿ. ಆ ವರ್ಷಗಳ ಸಂಖ್ಯೆಗೆ ಗುಣಕ ಎಂದು ಹೆಸರು.

ಗುಣಕವೆಂದರೆ ಉಳಿದ ದುಡಿಮೆಯ ವರ್ಷಗಳಲ್ಲ. 30 ವರ್ಷದವರು 60ರವರೆಗೆ ದುಡಿಯುತ್ತಾರೆಂದರೂ ಗುಣಕ 30 ಆಗುವುದಿಲ್ಲ, 17 ಆಗುತ್ತದೆ. ಕಾರಣ ಸರಳ. ವರ್ಷಕ್ಕೆ 1,20,000 ನಷ್ಟವಾಗಿದೆ ಎಂದುಕೊಳ್ಳೋಣ. ಅದನ್ನು 30ರಿಂದ ಗುಣಿಸಿ 36 ಲಕ್ಷವನ್ನು ಇವತ್ತೇ ಕೈಗೆ ಕೊಟ್ಟರೆ, ಶೇ 6ರ ಬಡ್ಡಿಯಲ್ಲಿ ವರ್ಷಕ್ಕೆ 2,16,000 ಬರುತ್ತದೆ, ಅಸಲು ಹಾಗೇ ಇರುತ್ತದೆ. 17ರಿಂದ ಗುಣಿಸಿದರೆ 20,40,000. ಅದರ ಬಡ್ಡಿ 1,22,400, ಹೆಚ್ಚುಕಡಿಮೆ ಕಳೆದುಕೊಂಡಷ್ಟೇ. ಅಪಘಾತ ಆಗದಿದ್ದರೂ 60ರವರೆಗೆ ಆರೋಗ್ಯವಾಗಿ ದುಡಿಯುತ್ತಿದ್ದರೆಂಬ ಖಾತ್ರಿಯೂ ಇಲ್ಲ. ಈ ಎರಡು ಕಾರಣಗಳಿಗೆ ಗುಣಕ ಚಿಕ್ಕದು.

ಆದರೆ ಯಾವ ವಯಸ್ಸಿಗೆ ಎಷ್ಟು? ದಶಕಗಳ ಕಾಲ ಒಂದೊಂದು ಊರಿನಲ್ಲಿ ಒಂದೊಂದು ಉತ್ತರವಿತ್ತು. 1994ರಲ್ಲಿ ಪಾರ್ಲಿಮೆಂಟು ಒಂದು ಪಟ್ಟಿ ಮಾಡಿತು. ವರ್ಷಕ್ಕೆ 40,000 ರೂಪಾಯಿವರೆಗಿನ ಆದಾಯದವರು ಚಾಲಕನ ತಪ್ಪು ಸಾಬೀತು ಮಾಡದೆಯೇ ಆ ಪಟ್ಟಿಯಂತೆ ಹಣ ಪಡೆಯಬಹುದಿತ್ತು. ಉದ್ದೇಶ ಒಳ್ಳೆಯದಿತ್ತು, ಕೂಡಿಸುವ ಕಳೆಯುವ ಲೆಕ್ಕ ಕೈಕೊಟ್ಟಿತು. ಎರಡೇ ವರ್ಷದಲ್ಲಿ ಸುಪ್ರೀಂ ಕೋರ್ಟು ಅದರಲ್ಲಿನ ತಪ್ಪುಗಳನ್ನು ಎತ್ತಿ ತೋರಿಸಿತು. ವರ್ಷಕ್ಕೆ 3,000 ಆದಾಯ, ಗುಣಕ 15 ಎಂದಿದ್ದ ಕಡೆ 45,000 ಬರಬೇಕಿತ್ತು, ಪಟ್ಟಿಯಲ್ಲಿ ಅಚ್ಚಾಗಿದ್ದದ್ದು 60,000.

ಗೊಂದಲಕ್ಕೆ ಒಂದು ಮಟ್ಟದ ಕೊನೆ ಬಂದದ್ದು 2009ರ ಸರಳಾ ವರ್ಮಾ ಪ್ರಕರಣದಲ್ಲಿ. ತೀರ್ಪು ಬರೆದವರು ಕರ್ನಾಟಕ ಹೈಕೋರ್ಟಿನಿಂದ ಮೇಲೆ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. 15ರಿಂದ 25 ವರ್ಷದವರಿಗೆ 18, ಅಲ್ಲಿಂದ ಮೇಲೆ ಹೋದಂತೆ 17, 16, 15 ಹೀಗೆ ಇಳಿದು 65 ದಾಟಿದವರಿಗೆ 5. ಸತ್ತವರು ಮದುವೆಯಾಗದವರಾಗಿದ್ದರೆ ಅವರ ಸ್ವಂತ ಖರ್ಚೆಂದು ಅರ್ಧ ಕಳೆಯಿರಿ, ಸಂಸಾರಸ್ಥರಾಗಿದ್ದು ಇಬ್ಬರು ಮೂವರು ಅವಲಂಬಿತರಿದ್ದರೆ ಮೂರನೇ ಒಂದು ಭಾಗ ಕಳೆಯಿರಿ ಎಂಬಂಥ ನಿಯಮಗಳೂ ಅಲ್ಲಿಯೇ ನಿಂತವು. ಗಾಯಾಳು ಬದುಕಿದ್ದರೆ ಹೀಗೆ ಕಳೆಯುವಂತಿಲ್ಲ. 2017ರ ಅಕ್ಟೋಬರ್ 31ರಂದು ಪ್ರಣಯ್ ಸೇಠಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇನ್ನೊಂದು ಮೆಟ್ಟಿಲು ಹತ್ತಿತು. 40 ತುಂಬದವರು ಕಾಯಂ ನೌಕರಿಯಲ್ಲಿದ್ದರೆ ಮುಂದೆ ಏರುತ್ತಿದ್ದ ಸಂಬಳಕ್ಕಾಗಿ ಶೇ 50 ಸೇರಿಸಬೇಕು, ಸ್ವಂತ ದುಡಿಮೆಯವರಾದರೆ ಶೇ 40. ಗಾಡಿ ತಳ್ಳಿ ಬದುಕುವವರ ಗಳಿಕೆಯೂ ಕಾಲಕ್ಕೆ ತಕ್ಕಂತೆ ಏರುತ್ತದೆ ಎಂದು ಕಾನೂನು ಒಪ್ಪಲು ಅಷ್ಟು ಕಾಲ ಹಿಡಿಯಿತು.

ಮೂರು ಬಗೆಯ ಶೇಕಡಾ

ಸಾವಿನ ಲೆಕ್ಕಕ್ಕಿಂತ ಗಾಯದ ಲೆಕ್ಕ ಕಷ್ಟ. ಸಾವಿನಲ್ಲಿ ದುಡಿಮೆ ಪೂರ್ತಿ ನಿಂತಿರುತ್ತದೆ. ಗಾಯದಲ್ಲಿ ಎಷ್ಟು ನಿಂತಿದೆ? ಇದಕ್ಕೆ ಕ್ರಮವಾದ ಉತ್ತರ ಕೊಟ್ಟದ್ದು 2010ರ ಅಕ್ಟೋಬರಿನ ಒಂದು ತೀರ್ಪು. ಅದನ್ನು ಬರೆದವರೂ ನ್ಯಾಯಮೂರ್ತಿ ರವೀಂದ್ರನ್ ಅವರೇ.

ಆಸ್ಪತ್ರೆಯ ಸರ್ಟಿಫಿಕೇಟಿನಲ್ಲಿ ಎಡಗಾಲಿಗೆ ಶೇ 45 ಊನ ಎಂದಿರುತ್ತದೆ. ಅದು ಕಾಲಿನ ಶೇ 45, ಇಡೀ ದೇಹದ್ದಲ್ಲ. ದೇಹದ ಲೆಕ್ಕಕ್ಕೆ ತಂದಾಗ ಅದು ಇಳಿಯುತ್ತದೆ. ದೇಹದ ಶೇಕಡಾ ಸಿಕ್ಕಿದ ಮೇಲೂ ಕೆಲಸ ಮುಗಿಯುವುದಿಲ್ಲ. ಅದರಿಂದ ದುಡಿಮೆ ಎಷ್ಟು ಕುಗ್ಗಿತು ಎಂಬುದು ಮೂರನೆಯ ಶೇಕಡಾ, ಹಣದ ಲೆಕ್ಕಕ್ಕೆ ಬೇಕಾದದ್ದು ಅದೊಂದೇ. ಎಡಗೈ ಹೋದರೆ ವೈದ್ಯರ ಅಂದಾಜು ಶೇ 60ರ ಆಸುಪಾಸು. ಆ ಮನುಷ್ಯ ಡ್ರೈವರ್ ಅಥವಾ ಬಡಗಿಯಾಗಿದ್ದರೆ ಅವನ ದುಡಿಮೆಯ ನಷ್ಟ ಶೇ 100. ಸರ್ಕಾರಿ ಕಚೇರಿಯ ಗುಮಾಸ್ತನಾಗಿದ್ದರೆ ಕೆಲಸ ಹೋಗದೆಯೂ ಇರಬಹುದು, ಸಂಬಳದ ನಷ್ಟ ಸೊನ್ನೆಯೂ ಆಗಬಹುದು. ಅಂಥವರಿಗೆ ಕೈ ಇಲ್ಲದ ಬದುಕಿಗಾಗಿಯೇ ಬೇರೆ ಶೀರ್ಷಿಕೆಯಲ್ಲಿ ಹೆಚ್ಚು ಕೊಡಬೇಕು.

ಆ ಶೀರ್ಷಿಕೆಗಳನ್ನೂ ಅದೇ ತೀರ್ಪು ಜೋಡಿಸಿಟ್ಟಿತು. ಒಂದು ಕಡೆ ಲೆಕ್ಕಕ್ಕೆ ಸಿಗುವವು: ಚಿಕಿತ್ಸೆ, ಓಡಾಟ, ಪೌಷ್ಟಿಕ ಆಹಾರ, ಹಾಸಿಗೆ ಹಿಡಿದ ದಿನಗಳ ಗಳಿಕೆ, ಮುಂದಿನ ಗಳಿಕೆ, ಮುಂದಿನ ಚಿಕಿತ್ಸೆ. ಇನ್ನೊಂದು ಕಡೆ ಲೆಕ್ಕಕ್ಕೆ ಸಿಗದವು: ನೋವು, ಬದುಕಿನ ಸುಖ ಸೌಕರ್ಯಗಳ ನಷ್ಟ, ಮದುವೆಯ ಅವಕಾಶದ ನಷ್ಟ, ಆಯುಸ್ಸಿನ ನಷ್ಟ. 1855ರಲ್ಲಿ ಒಂದೇ ಕಂಬದ ಮೇಲೆ ನಿಂತಿದ್ದ ಲೆಕ್ಕ ಹೀಗೆ ತೊಟ್ಟಿಮನೆಯಾಗಿ ಬೆಳೆದಿದೆ. ಆದರೆ ಮನೆಯ ನಡುಗಂಬ ಇಂದಿಗೂ ಆದಾಯವೇ.

ಒಂದು ಕಲ್ಪಿತ ಲೆಕ್ಕ ನೋಡಿ. ತಿಂಗಳಿಗೆ 10,000 ಗಳಿಸುವ 30 ವರ್ಷದ ಟೈಲರ್ ಒಬ್ಬರು ಹೆಬ್ಬೆರಳು ಕಳೆದುಕೊಂಡರು, ದುಡಿಮೆಯ ನಷ್ಟ ಶೇ 40 ಎಂದು ಮಂಡಳಿ ಹೇಳಿತು. 10,000ಕ್ಕೆ ಶೇ 40 ಸೇರಿಸಿ 14,000. ಅದನ್ನು 12ರಿಂದ, ನಂತರ 17ರಿಂದ ಗುಣಿಸಿದರೆ 28,56,000. ಅದರಲ್ಲಿ ಶೇ 40 ಎಂದರೆ 11,42,400. ಈಗ ತೆರಿಗೆ ಕಳೆದು ತಿಂಗಳಿಗೆ ಒಂದು ಲಕ್ಷ ಎಣಿಸುವ, ಅದೇ ವಯಸ್ಸಿನ, ಕಾಯಂ ನೌಕರಿಯ ಮ್ಯಾನೇಜರ್ ಒಬ್ಬರ ಹೆಬ್ಬೆರಳು. ಅವರ ದುಡಿಮೆಗೆ ಬರೀ ಶೇ 5 ಪೆಟ್ಟು ಎಂದು ಮಂಡಳಿ ಒಪ್ಪಿತು. ಒಂದೂವರೆ ಲಕ್ಷವನ್ನು 12ರಿಂದ, 17ರಿಂದ ಗುಣಿಸಿದರೆ 3,06,00,000. ಅದರ ಶೇ 5 ಎಂದರೆ 15,30,000. ಕಸುಬನ್ನೇ ಹೆಚ್ಚುಕಡಿಮೆ ಕಳೆದುಕೊಂಡ ಬೆರಳಿಗಿಂತ, ಸಹಿ ಹಾಕಲು ಸ್ವಲ್ಪ ತೊಡಕಾದ ಬೆರಳಿಗೆ ಹೆಚ್ಚು. ಸೂತ್ರದಲ್ಲಿ ಎಲ್ಲೂ ತಪ್ಪಿಲ್ಲ. ಅದು ಹೊರಗಿನ ಲೋಕದ ಸಂಬಳದ ಅಂತರವನ್ನು ಹಾಗೆಯೇ ಒಳಗೆ ತಂದುಕೊಂಡಿದೆ, ಅಷ್ಟೇ.

ಸಂಬಳದ ಚೀಟಿ ಇಲ್ಲದವರು

ಟೈಲರ್ ತಿಂಗಳಿಗೆ 10,000 ಗಳಿಸುತ್ತಿದ್ದರು ಎಂದು ಹೇಳುವುದು ಸುಲಭ. ತೋರಿಸುವುದು ಹೇಗೆ? ಸಂಬಳದ ಚೀಟಿ, ತೆರಿಗೆಯ ರಿಟರ್ನು ಇಲ್ಲದವರೇ ನಮ್ಮಲ್ಲಿ ಹೆಚ್ಚು. ಅಂಥವರಿಗೆ ಕೋರ್ಟು ಒಂದು ಅಂದಾಜು ಆದಾಯ ಹಿಡಿಯುತ್ತದೆ. ಪರಿಹಾರದ ಜಗಳದಲ್ಲಿ ಮುಕ್ಕಾಲು ಪಾಲು ಈ ಅಂದಾಜಿನ ಸುತ್ತ ನಡೆಯುವುದು.

ಕರ್ನಾಟಕದ ಎರಡು ಪ್ರಕರಣಗಳು ಇದಕ್ಕೆ ದಾರಿ ತೋರಿದವು. 2004ರಲ್ಲಿ ಗಾಯಗೊಂಡ ಕೂಲಿಯೊಬ್ಬರು ತಮ್ಮ ಗಳಿಕೆ ತಿಂಗಳಿಗೆ 4,500 ಎಂದರು. ನ್ಯಾಯಮಂಡಳಿ ದಾಖಲೆಯಿಲ್ಲವೆಂದು 3,000 ಹಿಡಿಯಿತು. 2011ರಲ್ಲಿ ಸುಪ್ರೀಂ ಕೋರ್ಟು, ಆ ಕಾಲದಲ್ಲಿ ಕೂಲಿ ದಿನಕ್ಕೆ 100ರಿಂದ 150 ಇತ್ತು, ಅವರು ಕೇಳಿದ್ದರಲ್ಲಿ ಅತಿಯೇನೂ ಇಲ್ಲ ಎಂದು 4,500ನ್ನೇ ಒಪ್ಪಿತು. ಇನ್ನೊಬ್ಬರು ತರಕಾರಿ ಮಾರುವವರು, 2008ರ ಅಪಘಾತದಲ್ಲಿ ಬಲಗಾಲು ಹೋಗಿತ್ತು. ಮಂಡಳಿ ಹಿಡಿದ ಆದಾಯ 3,500. ತರಕಾರಿ ಮಾರುವವರಿಂದ ದಾಖಲೆ ನಿರೀಕ್ಷಿಸುವುದು ಸರಿಯಲ್ಲ ಎಂದು ಸುಪ್ರೀಂ ಕೋರ್ಟು ಅದನ್ನು 6,500ಕ್ಕೆ ಏರಿಸಿತು, ಶೇ 65 ಎಂದಿದ್ದ ದುಡಿಮೆಯ ನಷ್ಟವನ್ನು ಶೇ 85 ಮಾಡಿತು. ಮಾರುಕಟ್ಟೆಗೆ ಬೆಳಗಿನ ಜಾವ ಹೋಗಬೇಕು, ಮೂಟೆ ಎತ್ತಬೇಕು, ಗಾಡಿ ತಳ್ಳಬೇಕು. ಕೂತು ಮಾರುವುದು ಆ ಕಸುಬಿನ ಒಂದು ತುಣುಕು ಮಾತ್ರ.

ಈಗ ಕರ್ನಾಟಕದಲ್ಲಿ ಲೋಕ ಅದಾಲತ್‌ಗಳಿಗಾಗಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಮಾಡಿರುವ, ವರ್ಷವಾರು ಅಂದಾಜು ಆದಾಯದ ಒಂದು ಪಟ್ಟಿಯಿದೆ. ದಾಖಲೆಯಿಲ್ಲದವರ ಪ್ರಕರಣಗಳಲ್ಲಿ ಹೈಕೋರ್ಟೂ ಅದನ್ನು ನೆಚ್ಚಿಕೊಳ್ಳುತ್ತದೆ. ವಿಚಾರಣೆಯ ಹೊಟ್ಟೆಯೊಳಗೆ ಮತ್ತೆ ಪಟ್ಟಿ.

ದುಡಿದರೂ ಗಳಿಕೆಯೇ ಇಲ್ಲವೆನಿಸಿಕೊಂಡವರ ಪಾಡು ಇನ್ನೂ ಒಂದು ಹೆಜ್ಜೆ ಕೆಳಗೆ. 1994ರ ಪಟ್ಟಿಯಲ್ಲಿ ಆದಾಯವಿಲ್ಲದವರ ಅಂದಾಜು ಆದಾಯ ವರ್ಷಕ್ಕೆ 15,000. ಗಳಿಸದ ಸಂಗಾತಿಗೆ ಗಳಿಸುವ ಸಂಗಾತಿಯ ಆದಾಯದ ಮೂರನೇ ಒಂದು ಭಾಗ. ಅಂದರೆ ಅಷ್ಟೇ ಅಡುಗೆ, ಅಷ್ಟೇ ಬಟ್ಟೆ, ಅಷ್ಟೇ ಮಕ್ಕಳ ಪಾಲನೆ ಮಾಡಿದ ಇಬ್ಬರು ಹೆಂಗಸರಲ್ಲಿ ಬಡವನ ಹೆಂಡತಿಯ ಕೆಲಸ ಅಗ್ಗ, ಶ್ರೀಮಂತನ ಹೆಂಡತಿಯ ಕೆಲಸ ದುಬಾರಿ.

1989ರ ಮಾರ್ಚ್ 3ರಂದು ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಯ ಸಂಸ್ಥಾಪಕರ ದಿನಾಚರಣೆಯಲ್ಲಿ ಬೆಂಕಿ ಬಿದ್ದು 60 ಜನ ತೀರಿಕೊಂಡರು. ಅವರಲ್ಲಿ ಹೆಂಗಸರು ಮಕ್ಕಳು ಅನೇಕರಿದ್ದರು. ಪರಿಹಾರ ಲೆಕ್ಕ ಹಾಕುವ ಹೊಣೆ ಹೊತ್ತ ನಿವೃತ್ತ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಗೃಹಿಣಿಯರ ದುಡಿಮೆಗೆ ವರ್ಷಕ್ಕೆ 12,000 ಹಿಡಿದರು. 2001ರಲ್ಲಿ ಸುಪ್ರೀಂ ಕೋರ್ಟು ಅದು ತೀರಾ ಕಡಿಮೆಯೆಂದು 34ರಿಂದ 59 ವರ್ಷದವರಿಗೆ 36,000ಕ್ಕೆ ಏರಿಸಿತು. 2010ರ ಇನ್ನೊಂದು ತೀರ್ಪು ಜನಗಣತಿಯತ್ತಲೇ ಬೆರಳು ಮಾಡಿತು. ಅಲ್ಲಿ ಮನೆಗೆಲಸ ಮಾಡುವ ಹೆಂಗಸರನ್ನು ಭಿಕ್ಷುಕರು, ಕೈದಿಗಳ ಸಾಲಿನಲ್ಲಿ ದುಡಿಯದವರೆಂದು ಎಣಿಸಲಾಗಿತ್ತು. 2021ರ ಜನವರಿಯ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ 2019ರ ಸಮಯ ಬಳಕೆ ಸಮೀಕ್ಷೆಯ ಅಂಕಿಗಳನ್ನು ಮುಂದಿಟ್ಟರು: ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಆ ಕೆಲಸಕ್ಕೆ ಬೆಲೆ ಕಟ್ಟುವುದೆಂದರೆ ಅದನ್ನು ಕೆಲಸವೆಂದು ಒಪ್ಪಿಕೊಳ್ಳುವುದೇ.

ಇನ್ನೂ ಗಳಿಸಲು ತೊಡಗದವರು

ಸೂತ್ರ ನಿಜವಾಗಿ ತಡವರಿಸುವುದು ಮಕ್ಕಳ ಮುಂದೆ. 2013ರಲ್ಲಿ ಸುಪ್ರೀಂ ಕೋರ್ಟು ಗಾಯಗೊಂಡ ಮಕ್ಕಳಿಗಾಗಿ ತಾನೇ ಒಂದು ಪಟ್ಟಿ ಮಾಡಿತು. ಊನ ಶೇ 10ರವರೆಗೆ ಇದ್ದರೆ ಸಾಮಾನ್ಯವಾಗಿ ಒಂದು ಲಕ್ಷ, 30ರವರೆಗೆ 3 ಲಕ್ಷ, 60ರವರೆಗೆ 4 ಲಕ್ಷ, 90ರವರೆಗೆ 5 ಲಕ್ಷ, ಅದಕ್ಕಿಂತ ಮೇಲಾದರೆ 6 ಲಕ್ಷ. ಚಿಕಿತ್ಸೆ ಮತ್ತು ಆರೈಕೆಯ ಖರ್ಚು ಬೇರೆ.

2020ರ ಫೆಬ್ರವರಿಯಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನಿಂದ ಬಂದ ಒಂದು ಮೇಲ್ಮನವಿ ಇನ್ನೊಂದು ದಾರಿ ತೆರೆಯಿತು. 12 ವರ್ಷದ ಹುಡುಗಿ, 2007ರಲ್ಲಿ ಅವಳು ಹೋಗುತ್ತಿದ್ದ ಟ್ರ್ಯಾಕ್ಟರಿಗೆ ಲಾರಿ ಗುದ್ದಿ ಮಿದುಳಿಗೆ ಪೆಟ್ಟಾಗಿತ್ತು. ಬದುಕಿರುವವರೆಗೂ ಇನ್ನೊಬ್ಬರ ಆಸರೆ ಬೇಕು. ನ್ಯಾಯಮಂಡಳಿ ಕೊಟ್ಟದ್ದು ಸುಮಾರು 11 ಲಕ್ಷ, ಹೈಕೋರ್ಟು ಸುಮಾರು 25.78 ಲಕ್ಷ. ಗಳಿಕೆಯಿಲ್ಲದ ಮಗು ಎಂದು 15,000 ಹಿಡಿಯುವುದನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಬೆಳೆದು ದೊಡ್ಡವಳಾಗಿದ್ದರೆ ಕನಿಷ್ಠ ಒಬ್ಬ ಕುಶಲ ಕಾರ್ಮಿಕಳಾಗಿರುತ್ತಿದ್ದಳು ಎಂದು ತಿಂಗಳಿಗೆ 4,846 ರೂಪಾಯಿ ಕನಿಷ್ಠ ವೇತನ ಹಿಡಿದು, ಶೇ 40 ಸೇರಿಸಿ, 18ರಿಂದ ಗುಣಿಸಿತು. ಸುಮಾರು 14.66 ಲಕ್ಷ ಬಂತು.

ಮುಖ್ಯವಾದದ್ದು ಮುಂದಿನ ಹೆಜ್ಜೆ. ನೋಡಿಕೊಳ್ಳುವವರ ಖರ್ಚಿಗೂ ಕೋರ್ಟು ಗುಣಕವನ್ನೇ ಬಳಸಿತು. ಹಗಲಿಗೊಬ್ಬರು, ರಾತ್ರಿಗೊಬ್ಬರು, ತಲಾ 5,000. ವರ್ಷಕ್ಕೆ 1,20,000, ಅದನ್ನು 18ರಿಂದ ಗುಣಿಸಿ 21,60,000. ಅವಳ ಅಂದಾಜು ಗಳಿಕೆಗಿಂತ ಅವಳ ಆರೈಕೆಯ ಮೊತ್ತ ದೊಡ್ಡದಾಯಿತು. ಒಟ್ಟು ಪರಿಹಾರ 62.27 ಲಕ್ಷ. ಇಲ್ಲಿ ಮೊತ್ತದ ಬಹುಪಾಲು ಅವಳು ಎಷ್ಟು ತರುತ್ತಿದ್ದಳು ಎಂಬುದರಿಂದ ಬರಲಿಲ್ಲ, ಅವಳಿಗೆ ಏನು ಬೇಕು ಎಂಬುದರಿಂದ ಬಂತು. ಆಳಿನ ಸಂಬಳಕ್ಕೆ ಬಡವರ ಮಗಳು, ಸಾಹುಕಾರರ ಮಗಳು ಎಂಬ ಭೇದ ಗೊತ್ತಿಲ್ಲ.

ಪಟ್ಟಿಗೆ ವಯಸ್ಸಾಗುತ್ತದೆ

ಹಾಗಾದರೆ ರೈಲ್ವೆಯಂತೆ ಎಲ್ಲರಿಗೂ ಒಂದೇ ಮೊತ್ತ ಬರೆದಿಟ್ಟರೆ ಸರಿಹೋಗುತ್ತದೆಯೇ? ರೈಲ್ವೆಯ ಚರಿತ್ರೆಯಲ್ಲೇ ಅದಕ್ಕೆ ಅರ್ಧ ಉತ್ತರವಿದೆ. ಸಾವಿಗೆ 4 ಲಕ್ಷ ಎಂದು 1997ರಲ್ಲಿ ನಿಂತ ಮೊತ್ತ 8 ಲಕ್ಷವಾದದ್ದು 2017ರ ಆರಂಭದಲ್ಲಿ. ಮಧ್ಯದ 19 ವರ್ಷ ಅಕ್ಕಿಯ ಬೆಲೆ, ಆಸ್ಪತ್ರೆಯ ಬಿಲ್ಲು ಎಲ್ಲ ಏರಿದವು, ಪಟ್ಟಿ ಕದಲಲಿಲ್ಲ. ರಸ್ತೆಯ ಪಟ್ಟಿಯ 15,000 ರೂಪಾಯಿಯೂ 1994ರಿಂದ 2018ರವರೆಗೆ ಅಲ್ಲೇ ಕೂತಿತ್ತು. ಮುದ್ರಿಸಿದ ದಿನ ಎಲ್ಲರನ್ನೂ ಸಮಾನವಾಗಿ ಕಂಡ ಪಟ್ಟಿ, ಹಳೆಯದಾದಂತೆ ಎಲ್ಲರನ್ನೂ ಸಮಾನವಾಗಿ ಬಡವರನ್ನಾಗಿ ಮಾಡುತ್ತದೆ.

2018ರ ಮೇ ತಿಂಗಳಲ್ಲಿ ಸರ್ಕಾರ ಹಳೆಯ ಪಟ್ಟಿಯನ್ನು ತೆಗೆದು ಹೊಸದನ್ನು ತಂದಿತು. ಸಾವಿಗೆ ಎಲ್ಲರಿಗೂ 5 ಲಕ್ಷ, ಕಾಯಂ ಊನಕ್ಕೆ ಅದರ ಶೇಕಡಾವಾರು, ಮತ್ತು ಪ್ರತಿ ವರ್ಷ ಶೇ 5 ತಾನಾಗಿ ಏರಿಕೆ. ಕೊನೆಯದು ಪಟ್ಟಿಗಳ ಚರಿತ್ರೆಯಿಂದ ಕಲಿತ ಪಾಠ. ಆದರೆ 2022ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ಆ ವ್ಯವಸ್ಥೆಯೇ ಹೋಗಿ, ತಪ್ಪು ಸಾಬೀತು ಮಾಡದೆ ಪಡೆಯುವ ಮೊತ್ತ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಎಂದು ನಿಂತಿತು. ಬೆರಳು, ಕೈ, ಬೆನ್ನುಮೂಳೆ ಎಲ್ಲಕ್ಕೂ ತೀವ್ರ ಗಾಯವೆಂಬ ಒಂದೇ ಹೆಸರು, ಒಂದೇ ಮೊತ್ತ. ಹೆಚ್ಚು ಬೇಕೆನ್ನುವವರು ಚಾಲಕನ ತಪ್ಪು ತೋರಿಸಿ, ಆದಾಯ ತೋರಿಸಿ, ಗುಣಕದ ದಾರಿ ಹಿಡಿಯಬೇಕು.

170 ವರ್ಷದಲ್ಲಿ ಕಾನೂನು ದೂರ ನಡೆದಿದೆ. ಸತ್ತವರಿಗೆ ಬೆಲೆಯಿಲ್ಲ ಎನ್ನುತ್ತಿದ್ದದ್ದು ಈಗ ತರಕಾರಿ ಮಾರುವವರ ಕಾಲಿಗೆ, ಗೃಹಿಣಿಯ ನಿಮಿಷಗಳಿಗೆ, ಮಗುವಿನ ಹಗಲು ರಾತ್ರಿಗಳಿಗೆ ಲೆಕ್ಕ ಹಾಕುತ್ತದೆ. ಪ್ರತಿ ಸಲವೂ ಅದು ಮುಂದೆ ಹೋದದ್ದು ಸಂಬಳದ ಚೀಟಿಯಿಂದ ಕಣ್ಣು ಎತ್ತಿ, ಈ ಮನುಷ್ಯ ಎದ್ದು ನಿಲ್ಲಲು ಏನು ಬೇಕು ಎಂದು ಕೇಳಿದಾಗ. ಕಾಲು ಕಳೆದುಕೊಂಡ ಕೂಲಿಗೂ ಕಾಲು ಕಳೆದುಕೊಂಡ ಅಧಿಕಾರಿಗೂ ಒಳ್ಳೆಯ ಕೃತಕ ಕಾಲಿನ ಬೆಲೆ ಒಂದೇ, ಮೆಟ್ಟಿಲಿಗೆ ಹಿಡಿಕೆ ಹಾಕಿಸುವ ಖರ್ಚು ಒಂದೇ. ಆ ಭಾಗವನ್ನು ಎಲ್ಲರಿಗೂ ಪೂರ್ತಿಯಾಗಿ, ಬೆಲೆಯೇರಿಕೆಗೆ ತಕ್ಕಂತೆ ಕೊಟ್ಟು, ಗಳಿಕೆಯ ಲೆಕ್ಕವನ್ನು ಆಮೇಲೆ ಸೇರಿಸುವುದು ಅಸಾಧ್ಯವಾದ ಕೆಲಸವೇನಲ್ಲ. ಆ ಹುಡುಗಿಯ ತೀರ್ಪಿನಲ್ಲಿ ಅದರ ಗಣಿತ ಆಗಲೇ ಇದೆ.